ಕಾಲು, ಹಾಲು, ಸಾಲು: ಕಿವಿ ಮಷಿನ್ ಕೊಳ್ಳುವ ಮೊದಲು ತಿಳಿದಿರಬೇಕಾದ್ದು

ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರ ನೇಯ್ಗೆ ವಿಭಾಗದಲ್ಲಿ ಹದಿನೇಳು ವರ್ಷ ಕೆಲಸ ಮಾಡಿದವರು. ಗಿರಣಿ ಮುಚ್ಚಿ ಮೂರು ದಶಕ ಆಗ್ತಾ ಬಂತು. ಮಗ್ಗಗಳ ಸದ್ದು ಕಿವಿಗೆ ಮಾಡಿದ ಗಾಯ ಮಾತ್ರ ಹಾಗೇ ಉಳಿದಿದೆ. ಊರಿಗೆ ಹೋದಾಗಲೆಲ್ಲ "ಏನಂದ್ಯಮ್ಮಾ?" ಅನ್ನೋದು ಒಂದೊಂದು ಮಾತಿಗೂ ಬರತೊಡಗಿದ ಮೇಲೆ, ಮೂರು ವರ್ಷದ ಹಿಂದೆ ಒಂದು ಜೋಡಿ ಹಿಯರಿಂಗ್ ಏಡ್ ಕೊಡಿಸಿದೆ. ಬೆಲೆ 1 ಲಕ್ಷ 60 ಸಾವಿರ ರೂಪಾಯಿ. "ಎಂಆರ್‌ಪಿ ಮೇಲೆ ಶೇ. 40 ಡಿಸ್ಕೌಂಟ್" ಅಂದರು, ನಂಬಿದೆ. ಎಲೆಕ್ಟ್ರಾನಿಕ್ಸ್ ಓದಿದ್ದೀನಿ ಅನ್ನೋ ಜಂಬವೂ ಇತ್ತು. ಬ್ರೋಷರ್‌ನಲ್ಲಿ ಚಾನೆಲ್ ಎಷ್ಟು, ಪ್ರೊಸೆಸರ್ ಯಾವುದು ಅಂತ ನೋಡಿ ದೊಡ್ಡ ನಂಬರ್ ಇದ್ದದ್ದನ್ನೇ ಆರಿಸಿದೆ.

ಮೂರು ತಿಂಗಳಲ್ಲಿ ಅದು ಬೀರು ಸೇರಿತು. "ಪಾತ್ರೆ ಸದ್ದು ತಲೆಗೆ ಹೊಡೆಯುತ್ತೆ, ಮಾತು ಮಾತ್ರ ಅಷ್ಟಕ್ಕಷ್ಟೇ" ಅಂದರು ಅಪ್ಪ. ಒಂದೂವರೆ ವರ್ಷ ಬಿಟ್ಟು ಬೇರೊಬ್ಬ ಆಡಿಯಾಲಜಿಸ್ಟ್ ಹತ್ತಿರ ಅದೇ ಮಷಿನ್ ತೋರಿಸಿದೆವು. ಅವರು ಅಪ್ಪನ ಕಿವಿಯೊಳಗೆ ತೆಳುವಾದ ಟ್ಯೂಬ್ ಇಟ್ಟು ಅಳೆದರು. ಕೆಳ ಸ್ವರಗಳಿಗೆ ಬೇಕಾದ್ದಕ್ಕಿಂತ ಹೆಚ್ಚು, ಮೇಲಿನ ಸ್ವರಗಳಿಗೆ ಬೇಕಾದ್ದಕ್ಕಿಂತ ತೀರಾ ಕಡಿಮೆ ವರ್ಧನೆ ಸಿಗುತ್ತಿತ್ತು. ಅಂಗಡಿಯವರು ಸಾಫ್ಟ್‌ವೇರ್ ಕೊಟ್ಟ ಮೊದಲ ಸೆಟ್ಟಿಂಗನ್ನೇ ಬಿಟ್ಟು ಕಳಿಸಿದ್ದರು. ಎರಡು ಸಲ ಕೂತು ಸರಿಮಾಡಿದ ಮೇಲೆ ಅಪ್ಪ ಈಗ ದಿನಾ ಹಾಕ್ಕೊಳ್ತಾರೆ. ಮಷಿನ್ ಬದಲಾಗಲಿಲ್ಲ. ಇದರ ಅರ್ಧ ಬೆಲೆಯದ್ದು ಸಾಕಾಗಿತ್ತು ಅಂತಲೂ ಅವತ್ತೇ ಗೊತ್ತಾಯ್ತು.

ನನ್ನ ವಯಸ್ಸಿನವರ ಅಪ್ಪ-ಅಮ್ಮಂದಿರು ಈಗ ಈ ಘಟ್ಟದಲ್ಲಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 150 ಕೋಟಿ ಜನಕ್ಕೆ ಒಂದಲ್ಲ ಒಂದು ಮಟ್ಟದ ಶ್ರವಣ ನಷ್ಟ ಇದೆ, 43 ಕೋಟಿ ಜನಕ್ಕೆ ಚಿಕಿತ್ಸೆ ಅಥವಾ ಸಾಧನದ ಅಗತ್ಯ ಇದೆ. ಹಾಗಾಗಿ ನಾನು ದುಡ್ಡು ಕೊಟ್ಟು ಕಲಿತ ಪಾಠ ಇಲ್ಲಿದೆ.

ಮೊದಲು ಆಡಿಯೋಗ್ರಾಂ

ಮಷಿನ್ ನೋಡುವ ಮೊದಲು ನೋಡಬೇಕಾದ್ದು ಒಂದು ಗ್ರಾಫ್. ಅಡ್ಡಕ್ಕೆ ಆವರ್ತನ, ಅಂದರೆ 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ. ಉದ್ದಕ್ಕೆ, ಮೇಲಿಂದ ಕೆಳಕ್ಕೆ, ಡೆಸಿಬೆಲ್. ಗೆರೆ ಕೆಳಗಿಳಿದಷ್ಟೂ ನಷ್ಟ ಜಾಸ್ತಿ. ಡೆಸಿಬೆಲ್ ಮಾಮೂಲಿ ಅಳತೆಪಟ್ಟಿ ಅಲ್ಲ. ಪ್ರತಿ 10 ಡೆಸಿಬೆಲ್‌ಗೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತೆ. 60 ಡೆಸಿಬೆಲ್ ನಷ್ಟ ಅಂದರೆ, ಬೇರೆಯವರಿಗೆ ಕೇಳುವ ಅತಿ ಸಣ್ಣ ಸದ್ದಿಗಿಂತ ಹತ್ತು ಲಕ್ಷ ಪಟ್ಟು ತೀವ್ರವಾದ ಸದ್ದು ಬೇಕು.

ಅಪ್ಪನ ಗ್ರಾಫ್ 500 ಹರ್ಟ್ಸ್‌ನಲ್ಲಿ 35, 1000ದಲ್ಲಿ 45, 2000ದಲ್ಲಿ 55, 4000ದಲ್ಲಿ 70. ಎರಡೂ ಕಿವಿ ಹೆಚ್ಚೂಕಡಿಮೆ ಹೀಗೇ. 4000ದ ಹತ್ತಿರ ಗೆರೆ ಗುಂಡಿ ಬಿದ್ದ ಹಾಗೆ ಇಳಿಯೋದು ಯಂತ್ರಗಳ ಸದ್ದಿನಲ್ಲಿ ದುಡಿದವರ ಗುರುತು. ವಯಸ್ಸಾದಂತೆ ಬರುವ ನಷ್ಟವೂ ಮೇಲಿನ ಆವರ್ತನಗಳಿಂದಲೇ ಶುರುವಾಗುತ್ತೆ. ಅಪ್ಪನದ್ದು ಎರಡೂ ಸೇರಿದ್ದು.

ಇದರ ಪರಿಣಾಮ ಏನು ಅಂತ ಕನ್ನಡದಲ್ಲೇ ನೋಡಿ. ಆ, ಓ, ಉ ಥರದ ಸ್ವರಗಳ ಬಲ ಇರೋದು ಕೆಳಗಿನ ಆವರ್ತನಗಳಲ್ಲಿ. ಕ, ತ, ಸ, ಶ, ಹ ಇವೆಲ್ಲ ಕ್ಷೀಣ ಸದ್ದುಗಳು, ಅವುಗಳ ಗುರುತು ಬಹುಪಾಲು ಮೇಲಿನ ಆವರ್ತನಗಳಲ್ಲಿ. ಹಾಗಾಗಿ ಕಾಲು, ಹಾಲು, ಸಾಲು ಮೂರೂ ಅಪ್ಪನಿಗೆ "-ಆಲು" ಅಂತ ಕೇಳುತ್ತವೆ. ಯಾರೋ ಮಾತಾಡಿದ್ದು ಗೊತ್ತಾಗುತ್ತೆ, ಏನಂದರು ಅಂತ ಗೊತ್ತಾಗಲ್ಲ. ಮನೆಯವರು "ಬೇಕಾದಾಗ ಮಾತ್ರ ಕೇಳುತ್ತೆ ಇವರಿಗೆ" ಅಂತ ಗೊಣಗೋದು ಇದೇ ಕಾರಣಕ್ಕೆ. ಗಟ್ಟಿಯಾಗಿ ಕೂಗಿದರೆ ಜೋರಾಗೋದು ಸ್ವರ ಮಾತ್ರ, ವ್ಯಂಜನ ಅಲ್ಲ. ಎದುರಿಗೆ ಬಂದು ನಿಧಾನವಾಗಿ ಮಾತಾಡೋದು ಕೂಗೋದಕ್ಕಿಂತ ವಾಸಿ, ಅದಕ್ಕೆ ದುಡ್ಡೂ ಬೇಡ.

ಹತ್ತು ನಿಮಿಷದ "ಫ್ರೀ ಟೆಸ್ಟ್", ಅದೂ ಫ್ಯಾನ್ ತಿರುಗುವ ಅಂಗಡಿಯ ಮೂಲೆಯಲ್ಲಿ, ಆಡಿಯೋಗ್ರಾಂ ಅನಿಸಿಕೊಳ್ಳಲ್ಲ. ಶಬ್ದ ನುಗ್ಗದ ಕೋಣೆ ಬೇಕು. ಕಿವಿಯ ಮೂಲಕ ಮತ್ತು ಕಿವಿಯ ಹಿಂದಿನ ಮೂಳೆಯ ಮೂಲಕ ಎರಡೂ ಪರೀಕ್ಷೆ ಆಗಬೇಕು. ಎರಡರ ನಡುವೆ ಅಂತರ ಇದ್ದರೆ ತೊಂದರೆ ಹೊರ ಅಥವಾ ಮಧ್ಯ ಕಿವಿಯಲ್ಲಿ ಅಂತ ಅರ್ಥ. ಗುಗ್ಗೆ, ಸೋಂಕು, ತಮಟೆ ತೂತು, ಇವಕ್ಕೆ ಎಷ್ಟೋ ಸಲ ಚಿಕಿತ್ಸೆಯೇ ಸಾಕು, ಮಷಿನ್ ಬೇಡ. ಜೊತೆಗೆ ಪದಗಳನ್ನು ಹೇಳಿ ತಿರುಗಿ ಹೇಳಿಸುವ ಪರೀಕ್ಷೆ ಆಗಬೇಕು, ಕನ್ನಡದವರಿಗೆ ಕನ್ನಡ ಪದಗಳಲ್ಲೇ.

ಇನ್ನೊಂದು ಎಚ್ಚರ. ಒಂದೆರಡು ದಿನದಲ್ಲಿ ದಿಢೀರಂತ ಕಿವಿ ಕೇಳದಾದರೆ ಅಂಗಡಿಗೆ ಹೋಗಬೇಡಿ, ಅವತ್ತೇ ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಅದು ತುರ್ತು ಸ್ಥಿತಿ, ತಡವಾದಷ್ಟೂ ವಾಪಸ್ ಬರುವ ಸಾಧ್ಯತೆ ಕಡಿಮೆ. ಒಂದೇ ಕಿವಿಯಲ್ಲಿ ನಷ್ಟ ಅಥವಾ ಗುಂಯ್‌ ಸದ್ದು, ತಲೆಸುತ್ತು, ಕಿವಿ ಸೋರುವುದು ಇದ್ದರೂ ಮೊದಲು ವೈದ್ಯರು.

ಆಕಾರ ಆರಿಸೋದು ನಾಚಿಕೆ ನೋಡಿ ಅಲ್ಲ

ಜೇಬಿನಲ್ಲಿಡುವ ಹಳೇ ಪೆಟ್ಟಿಗೆ ಮಷಿನ್ ಬಿಟ್ಟರೆ, ಈಗ ಮುಖ್ಯವಾಗಿ ಮೂರು ಬಗೆ. ಕಿವಿಯ ಹಿಂದೆ ಕೂತು ಟ್ಯೂಬ್‌ನಲ್ಲಿ ಸದ್ದು ಕಳಿಸುವ ಬಿಟಿಇ. ಹಿಂದೆ ಸಣ್ಣ ಪೆಟ್ಟಿಗೆ, ತೆಳು ತಂತಿ, ಕಿವಿಯೊಳಗೆ ಪುಟ್ಟ ಸ್ಪೀಕರ್ ಇರುವ ಆರ್‌ಐಸಿ. ಪೂರ್ತಿ ಕಿವಿಯೊಳಗೆ ಅಡಗುವ ಸಿಐಸಿ.

"ಕಾಣಿಸಲ್ಲ" ಅಂತ ಸಿಐಸಿ ಮಾರೋದು ಸುಲಭ. ಆದರೆ ಅದರಲ್ಲಿ ಬ್ಯಾಟರಿ ಸಣ್ಣದು, ಸಾಮಾನ್ಯವಾಗಿ ಒಂದೇ ಮೈಕ್, ಬೆವರು ಮತ್ತು ಗುಗ್ಗೆಗೆ ಬೇಗ ಕೆಡುತ್ತೆ, ಬೆರಳು ನಡುಗುವವರಿಗೆ ಹಾಕೋದೇ ಕಷ್ಟ. ಕೆಳಗಿನ ಆವರ್ತನ ಚೆನ್ನಾಗಿ ಕೇಳಿ ಮೇಲಿನದ್ದು ಮಾತ್ರ ಕೇಳದವರಿಗೆ ಆರ್‌ಐಸಿ ಒಳ್ಳೇದು. ಕಿವಿ ಪೂರ್ತಿ ಮುಚ್ಚದ ರಬ್ಬರ್ ಬಿರಡೆ ಹಾಕಿದರೆ ತಮ್ಮದೇ ದನಿ ಕೊಡದೊಳಗಿಂದ ಬಂದ ಹಾಗೆ ಅನಿಸಲ್ಲ. ತೀವ್ರ ನಷ್ಟಕ್ಕೆ, ಮಕ್ಕಳಿಗೆ, ಕಿವಿ ಸೋರುವವರಿಗೆ ಅಚ್ಚು ತೆಗೆದು ಮಾಡಿಸಿದ ಮೋಲ್ಡ್ ಜೊತೆ ಬಿಟಿಇ.

ಎರಡೂ ಕಿವಿಯಲ್ಲಿ ನಷ್ಟ ಇದ್ದರೆ ಎರಡಕ್ಕೂ ಬೇಕು. ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯೋದು, ಗದ್ದಲದಲ್ಲಿ ಒಂದು ದನಿ ಹೆಕ್ಕೋದು ಮೆದುಳು ಎರಡೂ ಕಿವಿ ಹೋಲಿಸಿ ಮಾಡುವ ಕೆಲಸ. ಬಜೆಟ್ ಕಡಿಮೆ ಇದ್ದರೆ ಒಂದು ದುಬಾರಿ ಮಷಿನ್‌ಗಿಂತ ಎರಡು ಸಾಧಾರಣ ಮಷಿನ್ ಬಹುತೇಕರಿಗೆ ಮೇಲು.

ಯಾವ ಫೀಚರ್‌ಗೆ ದುಡ್ಡು ಕೊಡಬಹುದು

*ಡೈರೆಕ್ಷನಲ್ ಮೈಕ್:* ಎರಡು ಮೈಕ್‌ಗೆ ಸದ್ದು ತಲುಪುವ ಹೊತ್ತಿನ ವ್ಯತ್ಯಾಸ ಲೆಕ್ಕಹಾಕಿ ಎದುರಿನ ದನಿ ಉಳಿಸಿ ಹಿಂದಿನದ್ದನ್ನು ತಗ್ಗಿಸುತ್ತೆ. ಗದ್ದಲದಲ್ಲಿ ಮಾತು ತಿಳಿಯೋದಕ್ಕೆ ಮಷಿನ್ ಒಳಗೆ ನಿಜವಾಗಿ ನೆರವಾಗುವ ತಂತ್ರ ಇದು. ಕೆಳಸ್ತರದ ಮಾಡೆಲ್‌ಗಳಲ್ಲೂ ಸಿಗುತ್ತೆ.

*ಫೀಡ್‌ಬ್ಯಾಕ್ ತಡೆ:* ಫೋನ್ ಕಿವಿಗೆ ಹಿಡಿದಾಗ ಸೀಟಿ ಹೊಡೆಯೋದನ್ನು ತಡೆಯುತ್ತೆ. ಅಂಗಡಿಯಲ್ಲೇ ಕೈ ಅಡ್ಡ ಹಿಡಿದು ನೋಡಿ.

*ಕಂಪ್ರೆಷನ್:* ಒಳಗಿವಿ ಹಾಳಾದವರಿಗೆ ಸಣ್ಣ ಸದ್ದು ಕೇಳಲ್ಲ, ದೊಡ್ಡ ಸದ್ದು ಮಾತ್ರ ನಮ್ಮಷ್ಟೇ ದೊಡ್ಡದಾಗಿ ಕೇಳುತ್ತೆ. ಹಾಗಾಗಿ ಸಣ್ಣ ಸದ್ದಿಗೆ ಹೆಚ್ಚು, ದೊಡ್ಡ ಸದ್ದಿಗೆ ಕಡಿಮೆ ವರ್ಧನೆ ಕೊಡಬೇಕು. ಎಲ್ಲಾ ಡಿಜಿಟಲ್ ಮಷಿನ್‌ನಲ್ಲೂ ಇದೆ. ಆನ್‌ಲೈನ್‌ನಲ್ಲಿ ಸಾವಿರ-ಎರಡು ಸಾವಿರಕ್ಕೆ ಬರುವ "ಸೌಂಡ್ ಆಂಪ್ಲಿಫೈಯರ್"ಗಳು ಎಲ್ಲವನ್ನೂ ಒಟ್ಟಿಗೆ ಜೋರು ಮಾಡುತ್ತವೆ. ಉಳಿದ ಕಿವಿಯನ್ನೂ ಕೆಡಿಸುವ ಅಪಾಯ ಅದರಲ್ಲಿದೆ.

*ಬ್ಯಾಟರಿ:* ಚಾರ್ಜ್ ಆಗುವ ಲಿಥಿಯಂ-ಅಯಾನ್ ಆದರೆ ರಾತ್ರಿ ಡಬ್ಬಿಯಲ್ಲಿಟ್ಟರೆ ಮಾರನೇ ದಿನ ಪೂರ್ತಿ ಬರುತ್ತೆ. ಕಣ್ಣು ಮಂಜಾದವರಿಗೆ ಇದು ವರ. ಆದರೆ ನಾಲ್ಕೈದು ವರ್ಷಕ್ಕೆ ಬ್ಯಾಟರಿ ಸೋತರೆ ಬದಲಿಸಲು ಎಷ್ಟು, ಎಲ್ಲಿ ಅಂತ ಕೇಳಿ. ಜಿಂಕ್-ಏರ್ ಗುಂಡಿ ಬ್ಯಾಟರಿ ಆದರೆ ಸ್ಟಿಕರ್ ಬಣ್ಣ ನೆನಪಿಟ್ಟರೆ ಸಾಕು: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಕರೆಂಟು ಸರಿಯಾಗಿಲ್ಲದ ಹಳ್ಳಿಗೆ ಇದೇ ಲೇಸು. ಹೋಗುವ ಪಟ್ಟಣದ ಮೆಡಿಕಲ್ ಶಾಪ್‌ನಲ್ಲಿ ಆ ಸೈಜ್ ಸಿಗುತ್ತಾ ನೋಡಿ.

*ಧೂಳು-ನೀರಿನ ರೇಟಿಂಗ್:* ಐಪಿ68 ಅಂದರೆ ಧೂಳು ಒಳಗೆ ಹೋಗಲ್ಲ, ನೀರಲ್ಲಿ ಸ್ವಲ್ಪ ಹೊತ್ತು ಬಿದ್ದರೂ ತಡೆಯುತ್ತೆ. ಕರಾವಳಿ, ಮಲೆನಾಡಿನ ತೇವಕ್ಕೆ, ಹೊಲದಲ್ಲಿ ಬೆವರುವವರಿಗೆ ಇದು ಬ್ಲೂಟೂತ್‌ಗಿಂತ ಮುಖ್ಯ. ರಾತ್ರಿ ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಡುವ ಅಭ್ಯಾಸ ಇರಲಿ.

ಯಾವುದಕ್ಕೆ ಯೋಚಿಸಿ ಕೊಡಬೇಕು

*ಚಾನೆಲ್ ಸಂಖ್ಯೆ:* ನಾನು ಬಿದ್ದ ಗುಂಡಿ ಇದೇ. ಚಾನೆಲ್ ಅಂದರೆ ಆವರ್ತನವನ್ನು ಎಷ್ಟು ತುಂಡು ಮಾಡಿ ಬೇರೆಬೇರೆಯಾಗಿ ನಿಭಾಯಿಸುತ್ತೆ ಅನ್ನೋ ಲೆಕ್ಕ. ನಾಲ್ಕರಿಂದ ಎಂಟಕ್ಕೆ ಹೋದಾಗ ಸಿಗುವಷ್ಟು ಲಾಭ ಹದಿನಾರರಿಂದ ನಲವತ್ತೆಂಟಕ್ಕೆ ಹೋದಾಗ ಸಿಗಲ್ಲ. ಆದರೆ ಬೆಲೆ ಪಟ್ಟಿ ಏರೋದು ಇದೇ ಏಣಿಯಲ್ಲಿ. ಎಷ್ಟೋ ಸಲ ಚಿಪ್ ಒಂದೇ, ಸಾಫ್ಟ್‌ವೇರ್‌ನಲ್ಲಿ ಬೀಗ ಹಾಕಿದ ಫೀಚರ್‌ಗಳ ಲೆಕ್ಕದಲ್ಲಿ ಬೆಲೆ ಬೇರೆಬೇರೆ. ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದ ರಾಬಿನ್ ಕಾಕ್ಸ್ ಮತ್ತು ಸಂಗಡಿಗರು, ಅಲ್ಪದಿಂದ ಮಧ್ಯಮ ನಷ್ಟವಿರುವ ಹಿರಿಯರಿಗೆ ಬೇಸಿಕ್ ಮತ್ತು ಪ್ರೀಮಿಯಂ ಎರಡನ್ನೂ ಕೊಟ್ಟು ದಿನನಿತ್ಯದ ಬದುಕಿನಲ್ಲಿ ಹೋಲಿಸಿ ನೋಡಿದರು. ಎರಡರಿಂದಲೂ ಉಪಕಾರ ಆಯ್ತು, ದುಬಾರಿಯದ್ದು ಗಮನಾರ್ಹವಾಗಿ ಮೇಲು ಅಂತ ಕಾಣಲಿಲ್ಲ.

*ಬ್ಲೂಟೂತ್:* ಸ್ಮಾರ್ಟ್‌ಫೋನ್‌ನಲ್ಲಿ ಮಾತಾಡುವವರಿಗೆ ಒಳ್ಳೆಯ ಅನುಕೂಲ. ಕೀಪ್ಯಾಡ್ ಫೋನ್ ಇಟ್ಟುಕೊಂಡ ಅಜ್ಜನಿಗೆ ದಂಡ. ಕೊಳ್ಳುವ ಮೊದಲು ಅವರದ್ದೇ ಫೋನ್‌ಗೆ ಜೋಡಿಸಿ ಒಂದು ಕಾಲ್ ಮಾಡಿಸಿ, ಆಂಡ್ರಾಯ್ಡ್‌ನಲ್ಲಿ ಎಲ್ಲ ಮಾಡೆಲ್‌ಗಳೂ ಹೊಂದಲ್ಲ.

*ಎಐ ಅನ್ನೋ ಪದ:* ಗದ್ದಲ ಮತ್ತು ಮಾತನ್ನು ಬೇರ್ಪಡಿಸಲು ಕಲಿತ ನ್ಯೂರಲ್ ನೆಟ್‌ವರ್ಕ್ ಕೆಲವು ಹೊಸ ಮಷಿನ್‌ಗಳಲ್ಲಿ ನಿಜಕ್ಕೂ ಇದೆ, ಫಲವೂ ಇದೆ. ಆದರೆ ಹಳೇ ಪ್ರೋಗ್ರಾಂಗೂ ಈಗ ಎಐ ಅಂತ ಸ್ಟಿಕರ್ ಅಂಟಿಸುತ್ತಾರೆ. ಹೋಟೆಲ್‌ಗೋ ಮದುವೆ ಮನೆಗೋ ಹಾಕಿಕೊಂಡು ಹೋಗಿ ನೋಡೋದೇ ಪರೀಕ್ಷೆ.

*ಮರೆವಿನ ಭಯ:* "ಈಗ ಹಾಕದಿದ್ದರೆ ಡಿಮೆನ್ಷಿಯಾ ಬರುತ್ತೆ" ಅಂತ ಹೆದರಿಸಿ ಮಾರೋದು ಶುರುವಾಗಿದೆ. ಶ್ರವಣ ನಷ್ಟ ಮರೆವಿನ ಕಾಯಿಲೆಯ ತಡೆಯಬಹುದಾದ ಅಪಾಯಗಳಲ್ಲೊಂದು ಅಂತ ಲ್ಯಾನ್ಸೆಟ್ ಆಯೋಗ ಹೇಳಿರೋದು ನಿಜ. 2023ರಲ್ಲಿ ಬಂದ ಅಚೀವ್ ಎಂಬ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ಗುಂಪಿನಲ್ಲಿ ಮೂರು ವರ್ಷದ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. ಅಪಾಯ ಹೆಚ್ಚಿದ್ದ ಹಿರಿಯರಲ್ಲಿ ಮಾತ್ರ ಬುದ್ಧಿಶಕ್ತಿ ಕುಂದುವ ವೇಗ ಶೇ. 48ರಷ್ಟು ತಗ್ಗಿತು. ಆ ಪ್ರಯೋಗದಲ್ಲಿ ಇದ್ದದ್ದು ಆಡಿಯಾಲಜಿಸ್ಟ್‌ಗಳ ಸತತ ಆರೈಕೆ, ಬರೀ ಮಷಿನ್ ಅಲ್ಲ.

ಅಸಲಿ ಕೆಲಸ: ಫಿಟ್ಟಿಂಗ್

60 ಡೆಸಿಬೆಲ್ ನಷ್ಟ ಇದೆ ಅಂತ 60 ಡೆಸಿಬೆಲ್ ವರ್ಧನೆ ಕೊಟ್ಟರೆ ಕಿವಿ ತಡೆಯಲ್ಲ. ಎಷ್ಟು ಕೊಡಬೇಕು ಅನ್ನೋದಕ್ಕೆ ಸೂತ್ರಗಳಿವೆ. ಹೆಚ್ಚು ಬಳಕೆಯಲ್ಲಿರುವ ಎನ್‌ಎಎಲ್ ಸೂತ್ರ ಆಸ್ಟ್ರೇಲಿಯಾದ ಸರ್ಕಾರಿ ಪ್ರಯೋಗಾಲಯದ್ದು. ಪ್ರತಿಯೊಬ್ಬರ ಕಿವಿನಾಳದ ಗಾತ್ರ ಬೇರೆ ಆದ್ದರಿಂದ, ಸಾಫ್ಟ್‌ವೇರ್ ಕೊಟ್ಟೆ ಅಂದದ್ದು ತಮಟೆ ಹತ್ತಿರ ನಿಜವಾಗಿ ತಲುಪಿತಾ ಅಂತ ಅಳೆಯಬೇಕು. ಅದಕ್ಕೇ ಆ ತೆಳು ಟ್ಯೂಬ್. ರಿಯಲ್ ಇಯರ್ ಮೆಷರ್‌ಮೆಂಟ್ ಅಂತಾರೆ. ಅರ್ಧ ಗಂಟೆಯ ಕೆಲಸ. ಇದನ್ನು ಮಾಡ್ತೀರಾ ಅಂತ ಕೇಳಿದಾಗ "ಏನದು?" ಅಂದರೆ ಬೇರೆ ಕಡೆ ನಡೀರಿ.

ಆಮೇಲೆ ಮೆದುಳಿಗೆ ಸಮಯ ಬೇಕು. ವರ್ಷಗಟ್ಟಲೆ ಕೇಳದ ಫ್ಯಾನ್ ಸದ್ದು, ನಲ್ಲಿ ಸದ್ದು ಮೊದಲ ದಿನ ಗಲಾಟೆ ಅನಿಸುತ್ತೆ. ದಿನಕ್ಕೆ ಎರಡು ಗಂಟೆಯಿಂದ ಶುರುಮಾಡಿ, ಮೊದಲು ಮನೆಯಲ್ಲಿ, ಆಮೇಲೆ ಸಂತೆಯಲ್ಲಿ. ಒಂದೆರಡು ತಿಂಗಳಲ್ಲಿ ಕನಿಷ್ಠ ಮೂರು ಸಲ ಸೆಟ್ಟಿಂಗ್ ತಿದ್ದಿಸಬೇಕು. ನಾವು ಅಪ್ಪನನ್ನು ಒಂದು ಸಲವೂ ಕರೆದುಕೊಂಡು ಹೋಗಲಿಲ್ಲ. ಬೀರು ಸೇರಿದ್ದರಲ್ಲಿ ನನ್ನ ಪಾಲೂ ಇದೆ.

ಅಮೆರಿಕದಲ್ಲಿ 2022ರ ಅಕ್ಟೋಬರ್‌ನಿಂದ ವಯಸ್ಕರಿಗೆ ಚೀಟಿ ಇಲ್ಲದೆ ಹಿಯರಿಂಗ್ ಏಡ್ ಮಾರಬಹುದು. 2024ರಲ್ಲಿ ಆಪಲ್‌ನ ಏರ್‌ಪಾಡ್ಸ್ ಪ್ರೋ 2ರ ಸಾಫ್ಟ್‌ವೇರ್‌ಗೂ ಅಲ್ಲಿನ ಎಫ್‌ಡಿಎ ಅನುಮತಿ ಸಿಕ್ಕಿತು. ಬೆಲೆ ಇಳಿಸಲು ಇದು ಒಂದು ದಾರಿ. ಆದರೆ ಅವು ಅಲ್ಪ-ಮಧ್ಯಮ ನಷ್ಟಕ್ಕೆ ಮಾತ್ರ, ಅಪ್ಪನಂಥವರಿಗಲ್ಲ, ಮಕ್ಕಳಿಗಂತೂ ಅಲ್ಲವೇ ಅಲ್ಲ.

ಕಾನೂನಿನ 60, ಅಪ್ಪನ 51

ಈಗ ರಾಜಕೀಯಕ್ಕೆ ಬರೋಣ. ಅಪ್ಪನ ನಾಲ್ಕು ಅಂಕಿ ಕೂಡಿ ಭಾಗಿಸಿದರೆ ಸರಾಸರಿ 51. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ 50ರಿಂದ 65 ಅಂದರೆ ಮಧ್ಯಮಕ್ಕಿಂತ ಮೇಲು, ತೀವ್ರಕ್ಕೆ ಒಂದೇ ಮೆಟ್ಟಿಲು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ನಷ್ಟ ಇದ್ದರೆ ಮಾತ್ರ "ಕಿವಿ ಮಂದ", 70 ಆದರೆ "ಕಿವುಡು". ಅಂದರೆ ಕಾಲು-ಹಾಲು ಗೊತ್ತಾಗದ ಅಪ್ಪ ಕಾನೂನಿನ ಕಣ್ಣಲ್ಲಿ ಯಾವ ತೊಂದರೆಯೂ ಇಲ್ಲದವರು. ಸರ್ಟಿಫಿಕೇಟ್ ಇಲ್ಲ. ಶೇ. 40ರ ಸರ್ಟಿಫಿಕೇಟ್ ಇಲ್ಲದಿದ್ದರೆ ಕೇಂದ್ರದ ಎಡಿಐಪಿ ಯೋಜನೆಯ ಉಚಿತ ಮಷಿನ್ ಇಲ್ಲ. 60 ದಾಟಿದ ಬಡ ಕುಟುಂಬದವರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಅದರಲ್ಲಿ ಊರುಗೋಲು, ಕನ್ನಡಕದ ಜೊತೆ ಶ್ರವಣ ಸಾಧನವೂ ಸೇರಿದೆ. ಆದರೆ ಅದು ಶಿಬಿರ ನಡೆಸಿ ಹಂಚುವ ಪದ್ಧತಿ. ಹಂಚಿ ಹೋದ ಮೇಲೆ ಮೂರು ಸಲ ತಿದ್ದೋರು ಯಾರು?

ಇನ್ನೊಂದು ಸಂಗತಿ. ಸದ್ದಿನಿಂದ ಬರುವ ಶ್ರವಣ ನಷ್ಟ, 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ವರದಿ ಮಾಡಲೇಬೇಕಾದ ಕಾಯಿಲೆಯಾಗಿತ್ತು. ಆಗಿನ ನೌಕರರ ಪರಿಹಾರ ಕಾಯ್ದೆಯಲ್ಲೂ ಅದು ಔದ್ಯೋಗಿಕ ರೋಗವಾಗಿತ್ತು. ಅಪ್ಪನ ಹದಿನೇಳು ವರ್ಷದಲ್ಲಿ ಒಂದು ಸಲವೂ ಯಾರೂ ಕಿವಿ ಪರೀಕ್ಷಿಸಲಿಲ್ಲ, ಹತ್ತಿ ಉಂಡೆ ಬಿಟ್ಟರೆ ಬೇರೆ ರಕ್ಷಣೆ ಇರಲಿಲ್ಲ. ಗಿರಣಿ ತೆಗೆದುಕೊಂಡದ್ದನ್ನು ಮಗಳ ಕ್ರೆಡಿಟ್ ಕಾರ್ಡ್ ಇಎಂಐ ತುಂಬಿತು. ಇವತ್ತು ಗಾರ್ಮೆಂಟ್ಸ್, ಕ್ರಷರ್, ಡಿಜೆ ಸೆಟ್‌ಗಳ ಪಕ್ಕ ದುಡಿಯುವವರ ಕಿವಿಯ ಲೆಕ್ಕ ಯಾರು ಇಡ್ತಿದ್ದಾರೆ? ಸಂಘಟನೆಗಳಲ್ಲಿರೋ ಗೆಳೆಯರು ಈ ಪ್ರಶ್ನೆ ಎತ್ತಿ ಅಂತ ಕೇಳ್ಕೊಳ್ತೀನಿ.

ಮಾರುಕಟ್ಟೆಯೂ ಮುಕ್ತವಾಗಿಲ್ಲ. ಫೋನಾಕ್, ಓಟಿಕಾನ್, ಸಿಗ್ನಿಯಾ, ವೈಡೆಕ್ಸ್, ರೀಸೌಂಡ್, ಸ್ಟಾರ್ಕಿ ಅಂತ ಹೆಸರು ಹಲವು, ಹಿಂದಿರೋದು ಐದು ಕಂಪನಿ ಸಮೂಹಗಳು. ಸಿಗ್ನಿಯಾ ಮತ್ತು ವೈಡೆಕ್ಸ್ ಒಂದೇ ಮನೆಯವು. ಹಾಗಾಗಿ ಬ್ರ್ಯಾಂಡ್ ಜಗಳಕ್ಕಿಂತ ಫಿಟ್ ಮಾಡುವವರು ಯಾರು ಅನ್ನೋದೇ ದೊಡ್ಡದು.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಕರ್ನಾಟಕದವರಿಗೆ ಒಂದು ಅದೃಷ್ಟ ಇದೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್, 1965ರಿಂದ ಇದೇ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ಏನೂ ಕೊಳ್ಳುವ ಒತ್ತಡ ಇಲ್ಲದೆ ಪರೀಕ್ಷೆ ಮಾಡಿಸಿ, ವರದಿ ಕೈಯಲ್ಲಿ ಹಿಡಿದು ಹೊರಗೆ ಬರಬಹುದು. ದೂರ ಆದರೆ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಿ. ಅಂಗಡಿಗೆ ಹೋದಾಗ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ:

1. ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಆಡಿಯಾಲಜಿಸ್ಟಾ? ನಂಬರ್ ಏನು?
2. ಆಡಿಯೋಗ್ರಾಂ ಪ್ರತಿ ನನಗೆ ಕೊಡ್ತೀರಾ? (ಕೊಡಲ್ಲ ಅಂದರೆ ಎದ್ದು ಬನ್ನಿ.)
3. ರಿಯಲ್ ಇಯರ್ ಮೆಷರ್‌ಮೆಂಟ್ ಮಾಡ್ತೀರಾ?
4. ಮನೆಯಲ್ಲಿ ಎಷ್ಟು ದಿನ ಬಳಸಿ ನೋಡಬಹುದು? ವಾಪಸ್ ಕೊಟ್ಟರೆ ಎಷ್ಟು ಕಡಿತ? ಬರವಣಿಗೆಯಲ್ಲಿ ಕೊಡಿ.
5. ಸಾಫ್ಟ್‌ವೇರ್ ಲಾಕ್ ಆಗಿದೆಯಾ, ಬೇರೆ ಊರಿನ ಆಡಿಯಾಲಜಿಸ್ಟೂ ಸೆಟ್ಟಿಂಗ್ ತಿದ್ದಬಹುದಾ?
6. ವಾರಂಟಿ ಎಷ್ಟು ವರ್ಷ? ಎಷ್ಟು ಸಲ ಉಚಿತವಾಗಿ ತಿದ್ದಿಕೊಡ್ತೀರಿ?
7. ಮಷಿನ್ ಬೆಲೆ ಎಷ್ಟು, ಸೇವೆಯ ಬೆಲೆ ಎಷ್ಟು? ಬೇರೆಬೇರೆ ಹೇಳಿ.

ಹಿಯರಿಂಗ್ ಏಡ್‌ಗೆ ಜಿಎಸ್‌ಟಿ ಇಲ್ಲ, ಬಿಲ್‌ನಲ್ಲಿ ಸೇರಿಸಿದ್ದರೆ ಕೇಳಿ. ಎಂಆರ್‌ಪಿ ಮೇಲಿನ ಡಿಸ್ಕೌಂಟ್ ಲೆಕ್ಕಕ್ಕೇ ಹಿಡಿಯಬೇಡಿ, ಅದೇ ಮಾಡೆಲ್‌ಗೆ ಮೂರು ಕಡೆ ಅಂತಿಮ ಬೆಲೆ ಕೇಳಿ ನೋಡಿ. ಮನೆಯಲ್ಲಿ ಎಳೆಮಗು ಇದ್ದರೆ ಇಷ್ಟೆಲ್ಲ ಕಾಯಬೇಡಿ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಧಾರ, ಆರು ತಿಂಗಳೊಳಗೆ ಸಾಧನ. ಮಾತು ಕಲಿಯುವ ವಯಸ್ಸು ತಿರುಗಿ ಬರಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು ಅಮ್ಮನ ಹತ್ತಿರ ಏನೋ ವಾದ ಮಾಡುತ್ತಿದ್ದರು. ಅಮ್ಮ ಬೆನ್ನು ತಿರುಗಿಸಿಕೊಂಡೇ ಉತ್ತರ ಕೊಡುತ್ತಿದ್ದರು, ಮಾಮೂಲಿ ದನಿಯಲ್ಲಿ. ಎಷ್ಟೋ ವರ್ಷದಿಂದ ಆ ಮನೆಯಲ್ಲಿ ಜಗಳವೂ ಕೂಗಾಟದಲ್ಲೇ ಆಗುತ್ತಿತ್ತು. ನನ್ನನ್ನು ನೋಡಿ ಅಮ್ಮ ಅಂದರು: "ನೋಡು, ಈಗ ನಾನು ಗೊಣಗಿದ್ದೂ ಕೇಳುತ್ತೆ ಇವರಿಗೆ. ಅದ್ಯಾಕೆ ರಿಪೇರಿ ಮಾಡಿಸ್ದೆ?"